ಚಿತ್ರದ ಕಾರ್ಡು, ಸದ್ದಿನ ಕಾಟ

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮುಂಚೆ ಒಂದು ಪ್ರಶ್ನೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಪ್‌ಡೇಟ್ ಆದ ಮಾರನೆಯ ದಿನ ವಿಡಿಯೊ ಎಡಿಟ್ ಮಾಡಲು ಕೂತು ಟೈಮ್‌ಲೈನ್ ಪ್ಲೇ ಮಾಡಿ, ಸದ್ದೇ ಬಾರದೆ ಕಂಗಾಲಾದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಹ್ಞಾಂ, ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಕೈ ಎತ್ತದವರು ಇನ್ನೂ ಅಪ್‌ಡೇಟ್ ಮಾಡಿಲ್ಲ ಅಂದುಕೊಳ್ಳುತ್ತೇನೆ.

ನನ್ನದೇ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದಿನ ಮಾತು, ಮದುವೆ ಸೀಸನ್. ಒಂದು ಮದುವೆಯ ಧಾರೆಯ ಭಾಗವನ್ನು ಮೂರು ದಿನದಲ್ಲಿ ಮುಗಿಸಿ ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಪರದೆಯ ಮೂಲೆಯಲ್ಲಿ ಹೊಸ ಡ್ರೈವರ್ ಬಂದಿದೆ ಅಂತ ಕಾಣಿಸಿತು, ಒತ್ತಿಬಿಟ್ಟೆ. ಆಮೇಲೆ ಗಟ್ಟಿಮೇಳದ ಜಾಗಕ್ಕೆ ಬಂದರೆ ವಾಲಗದ ಮೇಲೆ ಚಟ್ ಚಟ್ ಅಂತ ಸದ್ದು. ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ರೆಕಾರ್ಡಿಂಗೇ ಕೆಟ್ಟಿದೆ ಅಂದುಕೊಂಡು ಚಟಚಟ ಅಳಿಸುವ ಡಿ-ಕ್ಲಿಕರ್ ಎಫೆಕ್ಟ್ ಹಾಕಿ ಎರಡು ರಾತ್ರಿ ತಿಕ್ಕಿದೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಹುಟ್ಟುತ್ತಿತ್ತು. ಮೂರನೆಯ ದಿನ, ಏನಾದರಾಗಲಿ ಅಂತ ಎಕ್ಸ್‌ಪೋರ್ಟ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಮನೆಯ ಟಿವಿಗೆ ಹಾಕಿದೆ. ಚಟಚಟ ಇರಲೇ ಇಲ್ಲ. ಆದರೆ ಡೋಲಿನ ಪೆಟ್ಟು ಕೂಡ ಇರಲಿಲ್ಲ! ಡೋಲಿನ ಪ್ರತಿ ಪೆಟ್ಟಿನ ಮೊನೆಯನ್ನು ನನ್ನ ಡಿ-ಕ್ಲಿಕರ್ ತಿಂದುಹಾಕಿತ್ತು. ಹಾಸಿಗೆ ಬಡಿದ ಹಾಗೆ ಕೇಳುತ್ತಿತ್ತು. ಇಲ್ಲದ ರೋಗಕ್ಕೆ ಔಷಧಿ ಕೊಟ್ಟು ಒಳ್ಳೆಯ ಸದ್ದನ್ನು ನಾನೇ ಕೆಡಿಸಿದ್ದೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಸದ್ದು ಫೈಲಿನಲ್ಲೇ ಕೆಟ್ಟಿದೆಯೋ, ಫೈಲಿನಿಂದ ಕಿವಿಗೆ ಬರುವ ದಾರಿಯಲ್ಲಿ ಕೆಡುತ್ತಿದೆಯೋ? ಇದನ್ನು ಪತ್ತೆ ಮಾಡಲು ಎರಡು ನಿಮಿಷ ಸಾಕು. ಅದೇ ಜಾಗವನ್ನು ಮೂರು ಸಲ ಪ್ಲೇ ಮಾಡಿ. ಮೂರು ಸಲವೂ ಅದೇ ಫ್ರೇಮಿನಲ್ಲಿ ಚಟ್ ಅಂದರೆ ದೋಷ ಫೈಲಿನಲ್ಲಿದೆ. ಪ್ರತಿ ಸಲ ಬೇರೆ ಬೇರೆ ಕಡೆ ಬಂದರೆ ದಾರಿಯಲ್ಲಿದೆ. ಆಮೇಲೆ ಆ ಮೂವತ್ತು ಸೆಕೆಂಡನ್ನು ಎಕ್ಸ್‌ಪೋರ್ಟ್ ಮಾಡಿ ಫೋನಿನಲ್ಲಿ ಕೇಳಿ. ಎಕ್ಸ್‌ಪೋರ್ಟ್ ಮಾಡುವಾಗ ಕಂಪ್ಯೂಟರಿಗೆ ಗಡಿಯಾರದ ಹಂಗಿಲ್ಲ. ಒಂದು ಸೆಕೆಂಡಿನ ಸದ್ದನ್ನು ಅದು ನಿಧಾನವಾಗಿಯೂ ಬರೆಯಬಹುದು, ಬೇಗನೆಯೂ ಬರೆಯಬಹುದು. ಪ್ಲೇ ಮಾಡುವಾಗ ಮಾತ್ರ ಒಂದು ಸೆಕೆಂಡಿನ ಸದ್ದು ಒಂದೇ ಸೆಕೆಂಡಿನಲ್ಲಿ ಹೊರಗೆ ಬರಬೇಕು. ಡ್ರೈವರಿನ ಕಾಟವೆಲ್ಲ ಇರುವುದು ಅಲ್ಲೇ.

ಈಗ ಸಹಜವಾಗಿ ಬರುವ ಅನುಮಾನ: ಚಿತ್ರದ ಕಾರ್ಡಿಗೂ ಸದ್ದಿಗೂ ಏನು ಸಂಬಂಧ? ಸಂಬಂಧ ಇದೆ, ಅದೂ ಎರಡು ಥರ.

ಮೊದಲನೆಯದು, ನಿಮ್ಮ ಗ್ರಾಫಿಕ್ಸ್ ಕಾರ್ಡು ಸೌಂಡ್ ಕಾರ್ಡ್ ಕೂಡ ಹೌದು. 2002ರಲ್ಲಿ ಎಚ್‌ಡಿಎಂಐ ಬಂದಾಗಿನಿಂದ ಚಿತ್ರ, ಸದ್ದು ಎರಡೂ ಒಂದೇ ತಂತಿಯಲ್ಲಿ ಹೋಗುತ್ತವೆ. ಆ ತಂತಿ ಹೊರಡುವುದು ಗ್ರಾಫಿಕ್ಸ್ ಕಾರ್ಡಿನಿಂದ. ಒಂದು ಕಾಲದಲ್ಲಿ ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ಕಾರ್ಡುಗಳಿಗೆ ಮದರ್‌ಬೋರ್ಡಿನ ಸೌಂಡ್ ಚಿಪ್ಪಿನಿಂದ ಒಂದು ಸಣ್ಣ ವೈರ್ ಎಳೆದು ಸದ್ದು ಕೊಡಬೇಕಿತ್ತು. ಹಳಬರಿಗೆ ನೆನಪಿರಬಹುದು. 2007ರಲ್ಲಿ ಬಂದ ಎಎಂಡಿ ಕಂಪನಿಯ ರೇಡಿಯಾನ್ ಎಚ್‌ಡಿ 2000 ಸರಣಿಯಲ್ಲಿ ಸದ್ದಿನ ಭಾಗ ಕಾರ್ಡಿನ ಒಳಗೇ ಬಂತು. ಸ್ವಲ್ಪ ಕಾಲದಲ್ಲಿ ಎನ್‌ವಿಡಿಯಾ ಕೂಡ ಅದೇ ದಾರಿ ಹಿಡಿಯಿತು. ಹೀಗಾಗಿ ಇವತ್ತು ನೀವು ಇಳಿಸಿಕೊಳ್ಳುವ ಡ್ರೈವರಿನ ಕಟ್ಟಿನಲ್ಲಿ ಒಂದು ಆಡಿಯೊ ಡ್ರೈವರ್ ಸಹ ಸೇರಿಕೊಂಡಿರುತ್ತದೆ.

ಅಪ್‌ಡೇಟ್ ಆದಾಗ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ವಿಂಡೋಸ್ ಪಾಲಿಗೆ ಅದು ಹೊಸ ನೆಂಟ. ಎಷ್ಟೋ ಸಲ ಹೊಸ ನೆಂಟನನ್ನೇ ಯಜಮಾನನ ಕುರ್ಚಿಯಲ್ಲಿ ಕೂರಿಸಿಬಿಡುತ್ತದೆ. ಅಂದರೆ ಸದ್ದೆಲ್ಲ ಮಾನಿಟರಿಗೆ ಹೋಗುತ್ತದೆ, ಮಾನಿಟರಿಗೆ ಸ್ಪೀಕರೇ ಇರುವುದಿಲ್ಲ. ಗುರುತು ಹಿಡಿಯುವುದು ಸುಲಭ: ಸಾಫ್ಟ್‌ವೇರ್‌ನ ಮೀಟರಿನಲ್ಲಿ ಹಸಿರು ಪಟ್ಟಿ ಕುಣಿಯುತ್ತಿರುತ್ತದೆ, ಕಿವಿಗೆ ಏನೂ ಬರುವುದಿಲ್ಲ. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಆದರೆ ಪ್ರೆಫರೆನ್ಸಸ್‌ಗೆ ಹೋಗಿ ಆಡಿಯೊ ಹಾರ್ಡ್‌ವೇರ್ ತೆರೆಯಿರಿ, ರಿಸಾಲ್ವ್ ಆದರೆ ವಿಡಿಯೊ ಮತ್ತು ಆಡಿಯೊ ಐ/ಒ ಪುಟ. ಅಲ್ಲಿ ನಿಮ್ಮ ಸ್ಪೀಕರಿನ ಹೆಸರನ್ನೇ ಆರಿಸಿ. ‘ಸಿಸ್ಟಮ್ ಡೀಫಾಲ್ಟ್’ ಅಂತ ಬಿಟ್ಟರೆ ಮುಂದಿನ ಅಪ್‌ಡೇಟಿಗೆ ಇದೇ ರಗಳೆ. ಪ್ರೀಮಿಯರ್‌ನಲ್ಲಿ ಪ್ಲೇ ಒತ್ತಿದರೂ ಟೈಮ್‌ಲೈನ್ ಕದಲದೆ ನಿಂತರೆ, ಅದೇ ಪುಟದಲ್ಲಿ ಡೀಫಾಲ್ಟ್ ಇನ್‌ಪುಟ್ ಅನ್ನು ‘ನೋ ಇನ್‌ಪುಟ್’ ಮಾಡಿ ನೋಡಿ. ಇಲ್ಲದ ಮೈಕಿಗಾಗಿ ಅದು ಕಾಯುತ್ತ ಕೂತಿರುವುದುಂಟು.

ಎಚ್‌ಡಿಎಂಐ ಮೂಲಕ ಸದ್ದು ಕೇಳುವುದೇ ಇಲ್ಲ ಅನ್ನುವವರು ಡ್ರೈವರ್ ಹಾಕುವಾಗ ಕಸ್ಟಮ್ ಇನ್‌ಸ್ಟಾಲ್ ಆರಿಸಿ, ಎಚ್‌ಡಿ ಆಡಿಯೊ ಮುಂದಿನ ಟಿಕ್ ತೆಗೆದುಬಿಡಬಹುದು. ಟಿವಿಗೆ ಹಾಕಿ ಗಿರಾಕಿಗೆ ತೋರಿಸುವ ಅಭ್ಯಾಸ ಇದ್ದವರು ತೆಗೆಯಬೇಡಿ.

ಇದು ಸುಲಭದ್ದು. ಕಷ್ಟದ್ದು ಎರಡನೆಯದು, ನನ್ನ ಗಟ್ಟಿಮೇಳದ ಚಟಚಟ.

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಕರೆಂಟ್ ಹೋಗಿ ಮೋಟರ್ ನಿಂತರೂ ಟ್ಯಾಂಕಿನಲ್ಲಿ ನೀರಿರುವ ತನಕ ನಲ್ಲಿ ಸುರಿಯುತ್ತದೆ. ಸದ್ದಿಗೂ ಅಂಥ ಒಂದು ಟ್ಯಾಂಕ್ ಇದೆ, ಅದೇ ಬಫರ್. ವಿಡಿಯೊದ ಸದ್ದು ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಷ್ಟು ಸಣ್ಣ ಸಣ್ಣ ಅಳತೆಗಳು. ಬಫರ್ 256 ಸ್ಯಾಂಪಲ್ ಇಟ್ಟಿದ್ದರೆ ಟ್ಯಾಂಕಿನಲ್ಲಿರುವುದು ಬರೀ 5.3 ಮಿಲಿಸೆಕೆಂಡಿನ ನೀರು. ಅಷ್ಟರೊಳಗೆ ಪ್ರೊಸೆಸರ್ ಬಂದು ಮತ್ತೆ ತುಂಬಿಸಬೇಕು. ತುಂಬಿಸದಿದ್ದರೆ ನಲ್ಲಿ ಒಣಗುತ್ತದೆ, ಚಟ್ ಅನ್ನುತ್ತದೆ.

ಪ್ರೊಸೆಸರ್ ಯಾಕೆ ತಡ ಮಾಡುತ್ತದೆ? ತಾಲ್ಲೂಕು ಕಚೇರಿಯಲ್ಲಿ ನೀವು ಸಾಲಿನಲ್ಲಿ ನಿಂತಿದ್ದೀರಿ. ಒಬ್ಬ ಬಂದು, ‘ಒಂದೇ ಒಂದು ಸಹಿ ಸಾರ್, ಈಗ ಬಂದೆ’ ಅಂತ ನೇರ ಒಳಗೆ ಹೋಗುತ್ತಾನೆ. ನಿಜಕ್ಕೂ ಒಂದೇ ಸಹಿ ಆದರೆ ಯಾರಿಗೂ ತೊಂದರೆ ಇಲ್ಲ. ಒಳಗೆ ಹೋಗಿ ಇಡೀ ಫೈಲು ಬಿಚ್ಚಿ ಕೂತರೆ? ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ಡ್ರೈವರುಗಳಿಗೆ ಹೀಗೆ ಸಾಲು ತಪ್ಪಿಸಿ ಹೋಗುವ ಹಕ್ಕಿದೆ. ಅದಕ್ಕೆ ಡಿಪಿಸಿ, ಅಂದರೆ ಡಿಫರ್ಡ್ ಪ್ರೊಸೀಜರ್ ಕಾಲ್, ಅನ್ನುತ್ತಾರೆ. ಸದ್ದು ತುಂಬಿಸುವ ಕೆಲಸಕ್ಕೆ ಎಷ್ಟೇ ಆದ್ಯತೆ ಕೊಟ್ಟಿದ್ದರೂ, ಪ್ರೊಸೆಸರಿನ ಅದೇ ಕೋರಿನಲ್ಲಿ ಡಿಪಿಸಿ ನಡೆಯುತ್ತಿದ್ದರೆ ಅದು ಮುಗಿಯುವ ತನಕ ಕಾಯಲೇಬೇಕು. ಒಂದು ಡಿಪಿಸಿ 100 ಮೈಕ್ರೊಸೆಕೆಂಡ್ ಮೀರಬಾರದು ಅಂತ ಡ್ರೈವರ್ ಬರೆಯುವವರಿಗೆ ಮೈಕ್ರೊಸಾಫ್ಟ್ ಹೇಳುತ್ತದೆ. ಹೇಳುತ್ತದೆ ಅಷ್ಟೆ, ತಡೆಯುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ ದೊಡ್ಡ ಮನುಷ್ಯ, ಕೆಲಸವೂ ಜಾಸ್ತಿ. ಒಂದು ಆವೃತ್ತಿಯಲ್ಲಿ ಸಹಿ ಹಾಕಿ ಹೊರಗೆ ಬರುತ್ತಾನೆ, ಮುಂದಿನದರಲ್ಲಿ ಮಿಲಿಸೆಕೆಂಡುಗಟ್ಟಲೆ ಕೂತುಬಿಡುತ್ತಾನೆ.

ಆಗಲೂ ಚಿತ್ರ ಚೆನ್ನಾಗಿಯೇ ಓಡುತ್ತಿರುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮು 40 ಮಿಲಿಸೆಕೆಂಡ್ ಪರದೆಯ ಮೇಲಿರುತ್ತದೆ. ಐದು ಮಿಲಿಸೆಕೆಂಡ್ ತಡವಾದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಯಾರೂ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಪಡುವುದಿಲ್ಲ, ಪಾಪದ ಸೌಂಡ್ ಕಾರ್ಡಿಗೆ ಬೈಗುಳ ಬೀಳುತ್ತದೆ.

ಕಳ್ಳನನ್ನು ಹಿಡಿಯಲು ಲೇಟೆನ್ಸಿಮಾನ್ ಅನ್ನುವ ಸಣ್ಣ ಸಾಫ್ಟ್‌ವೇರ್ ಇದೆ. ಅದನ್ನು ಓಡಿಸಿಟ್ಟು ಹತ್ತು ನಿಮಿಷ ಎಂದಿನಂತೆ ಎಡಿಟ್ ಮಾಡಿ. ಯಾವ ಡ್ರೈವರ್ ಎಷ್ಟು ಹೊತ್ತು ಸಾಲು ತಡೆಯಿತು ಅಂತ ಪಟ್ಟಿ ಕೊಡುತ್ತದೆ. ಮೇಲುಗಡೆ ‘ಎನ್‌ವಿ’ ಅಂತ ಶುರುವಾಗುವ, ಬಾಯಿಗೆ ಬಾರದ ಒಂದು ಫೈಲ್ ಹೆಸರು ಕಂಡರೆ ಅದು ಎನ್‌ವಿಡಿಯಾ ಡ್ರೈವರ್. ಆದರೆ ಅವಸರದಲ್ಲಿ ತೀರ್ಪು ಕೊಡಬೇಡಿ. ವೈಫೈ ಡ್ರೈವರ್ ಕೂಡ ಇದೇ ಕೆಲಸ ಮಾಡುತ್ತದೆ. ವೈಫೈ ಆಫ್ ಮಾಡಿ ಇನ್ನೊಂದು ಸಲ ಅಳೆಯಿರಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಅಳೆಯಿರಿ. ವಿದ್ಯುತ್ ಉಳಿಸಲು ಕಾರ್ಡು ತನ್ನ ವೇಗವನ್ನು ಏರಿಸಿ ಇಳಿಸುವಾಗಲೂ ಈ ತಡೆ ಹುಟ್ಟುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅನ್ನು ಗರಿಷ್ಠ ಸಾಮರ್ಥ್ಯಕ್ಕೆ ಇಟ್ಟರೆ ಕೆಲವು ಯಂತ್ರಗಳಲ್ಲಿ ಅಷ್ಟಕ್ಕೇ ವಾಸಿಯಾಗುತ್ತದೆ. ಬಫರನ್ನು 1024ಕ್ಕೆ ಏರಿಸುವುದು ಇನ್ನೂ ಸುಲಭ. ಟ್ಯಾಂಕಿನಲ್ಲಿ 21 ಮಿಲಿಸೆಕೆಂಡಿನ ನೀರು ಸಿಗುತ್ತದೆ. ಹಾಡುಗಾರರನ್ನು ರೆಕಾರ್ಡ್ ಮಾಡುವಾಗ ಅಷ್ಟು ತಡ ಆಗಿಬರುವುದಿಲ್ಲ, ಎಡಿಟಿಂಗಿಗೆ ಧಾರಾಳ ಸಾಕು.

ಸ್ಟುಡಿಯೊ ಡ್ರೈವರ್ ಹಾಕಿದರೆ ಎಲ್ಲ ಸರಿಹೋಗುತ್ತದಲ್ಲ ಅಂತ ಬಹಳ ಜನ ಕೇಳುತ್ತಾರೆ. ಎನ್‌ವಿಡಿಯಾ 2019ರ ಮಾರ್ಚ್‌ನಲ್ಲಿ ಅದನ್ನು ‘ಕ್ರಿಯೇಟರ್ ರೆಡಿ’ ಅನ್ನುವ ಹೆಸರಲ್ಲಿ ತಂದಿತು, ಕೆಲವೇ ತಿಂಗಳಲ್ಲಿ ‘ಸ್ಟುಡಿಯೊ’ ಅಂತ ಹೆಸರು ಬದಲಿಸಿತು. ಗೇಮಿನ ಡ್ರೈವರ್ ಹೊಸ ಗೇಮು ಬಂದಾಗಲೆಲ್ಲ ಓಡೋಡಿ ಬರುತ್ತದೆ. ಸ್ಟುಡಿಯೊ ಡ್ರೈವರ್ ಎಡಿಟಿಂಗ್ ಸಾಫ್ಟ್‌ವೇರ್‌ಗಳ ಜೊತೆ ಪರೀಕ್ಷೆ ಮುಗಿಸಿ ನಿಧಾನವಾಗಿ ಬರುತ್ತದೆ. ನಾನೂ ಅದನ್ನೇ ಹಾಕುತ್ತೇನೆ. ಆದರೆ ಅದೇನೂ ಬೇರೆ ಜಾತಿಯ ಡ್ರೈವರ್ ಅಲ್ಲ, ಅದರಲ್ಲೂ ಚಟಚಟ ಕೇಳಿದ್ದೇನೆ.

ನನ್ನ ಪದ್ಧತಿ ಇಷ್ಟು: ಪ್ರಾಜೆಕ್ಟ್ ನಡುವೆ ಡ್ರೈವರ್ ಮುಟ್ಟುವುದಿಲ್ಲ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲ್ ಇಟ್ಟು, ಯಾವ ಆವೃತ್ತಿಯ ಡ್ರೈವರ್ ಇತ್ತು ಅಂತ ಬರೆಯುತ್ತೇನೆ. ಆ ಆವೃತ್ತಿಯ ಇನ್‌ಸ್ಟಾಲರನ್ನು ಹಾರ್ಡ್‌ಡಿಸ್ಕಿನಲ್ಲಿ ಎತ್ತಿಡುತ್ತೇನೆ. ವಿಂಡೋಸ್ ತಾನಾಗಿ ಡ್ರೈವರ್ ಬದಲಿಸುವುದೂ ಉಂಟು, ಹಾಗಾಗಿ ಕೆಲಸದ ವಾರ ಅಪ್‌ಡೇಟ್ ನಿಲ್ಲಿಸಿಡುತ್ತೇನೆ. ಹಿಂದಕ್ಕೆ ಹೋಗಬೇಕಾದರೆ ಮೊದಲು ಡಿವೈಸ್ ಮ್ಯಾನೇಜರ್‌ನ ರೋಲ್ ಬ್ಯಾಕ್. ಅದು ಕೈಕೊಟ್ಟರೆ ಸೇಫ್ ಮೋಡಿನಲ್ಲಿ ಡಿಡಿಯು ಅನ್ನುವ, ಡ್ರೈವರ್ ಅಳಿಸುವ ಸಾಫ್ಟ್‌ವೇರ್ ಓಡಿಸಿ, ಬೇರುಸಹಿತ ಕಿತ್ತು, ಹಳೆಯದನ್ನು ಹಾಕುತ್ತೇನೆ.

ಡ್ರೈವರಿನ ಪಾಪವಲ್ಲದ್ದನ್ನೂ ಅದರ ತಲೆಗೆ ಕಟ್ಟಬಾರದು. ತುಟಿಗೂ ಮಾತಿಗೂ ಹೊಂದುತ್ತಿಲ್ಲ ಅಂತ ಒಬ್ಬ ಹುಡುಗ ನನಗೆ ಫೋನ್ ಮಾಡಿದ್ದ. ಬ್ಲೂಟೂತ್ ಹೆಡ್‌ಸೆಟ್ ತೆಗೆದು ವೈರಿನದು ಹಾಕಪ್ಪ ಅಂದೆ, ಸರಿಹೋಯಿತು. ಸದ್ದು ಚಿತ್ರಕ್ಕಿಂತ 40 ಮಿಲಿಸೆಕೆಂಡ್ ಮುಂದೆ, 60 ಮಿಲಿಸೆಕೆಂಡ್ ಹಿಂದೆ, ಅದಕ್ಕಿಂತ ಹೆಚ್ಚಾಗಬಾರದು ಅನ್ನುವುದು ಯುರೋಪಿನ ಪ್ರಸಾರಕರ ಒಕ್ಕೂಟದ ಲೆಕ್ಕ. ಬ್ಲೂಟೂತ್ ಆ ಗಡಿಯನ್ನು ಸಲೀಸಾಗಿ ದಾಟುತ್ತದೆ. ಫೋನಿನಲ್ಲಿ ತೆಗೆದ ಕ್ಲಿಪ್ಪಿನ ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ತಪ್ಪಿದರೆ ಅದು ಫೋನಿನ ಏರಿಳಿಯುವ ಫ್ರೇಮ್ ರೇಟಿನ ಕೆಲಸ. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿಕೊಂಡು ಎಡಿಟ್ ಮಾಡಿ. ಹಾಡು ನಿಧಾನವಾಗಿ, ಶ್ರುತಿ ಮುಕ್ಕಾಲು ಮನೆಯಷ್ಟು ಇಳಿದು ಕೇಳಿದರೆ, 48,000ದ ಸದ್ದನ್ನು ಯಾರೋ 44,100 ಅಂದುಕೊಂಡು ನುಡಿಸುತ್ತಿದ್ದಾರೆ. ಅದು ಸೆಟ್ಟಿಂಗ್ ನೋಡುವ ವಿಷಯ.

ಕೊನೆಗೆ ಆ ಮದುವೆ ವಿಡಿಯೊದ ಕಥೆ ಹೇಳಿಬಿಡುತ್ತೇನೆ. ಹಳೆಯ ಡ್ರೈವರ್ ಹಾಕಿ, ಡಿ-ಕ್ಲಿಕರ್ ಎಲ್ಲ ತೆಗೆದು, ಮತ್ತೆ ಕೂತು ಕೇಳಿದೆ. ವಾಲಗ ಸ್ವಚ್ಛವಾಗಿತ್ತು. ಒಂದೇ ಒಂದು ಕಡೆ ಮಾತ್ರ ಚಟ್ ಅಂತು. ಮೂರು ಸಲ ಪ್ಲೇ ಮಾಡಿದೆ, ಮೂರು ಸಲವೂ ಅದೇ ಫ್ರೇಮು. ಫೈಲಿನಲ್ಲೇ ಇದೆ ಅಂತಾಯಿತು. ಫ್ರೇಮ್ ಫ್ರೇಮಾಗಿ ನೋಡಿದರೆ, ಮದುವೆ ಹುಡುಗನ ಶಲ್ಯಕ್ಕೆ ಸಿಕ್ಕಿಸಿದ್ದ ಮೈಕಿಗೆ ಅಕ್ಷತೆಯ ಕಾಳೊಂದು ಬಡಿದಿತ್ತು. ಅದನ್ನು ಹಾಗೇ ಬಿಟ್ಟು ಕಳಿಸಿದೆ.

ಪ್ರಶ್ನೆಗಳಿದ್ದರೆ ಕೇಳಿ. ಲೇಟೆನ್ಸಿಮಾನ್ ಈ ಲ್ಯಾಪ್‌ಟಾಪಿನಲ್ಲೇ ಓಡುತ್ತಿದೆ, ಬೇಕಾದವರು ಹತ್ತಿರ ಬಂದು ನೋಡಬಹುದು.