ಸುಳಿಯ ಹುಳುವಿಗೆ ಔಷಧದ ಅಳತೆ

ದಾವಣಗೆರೆ ಸೀಮೆಯ ಮೆಕ್ಕೆಜೋಳದ ಸುಳಿ ಬಿಡಿಸಿದರೆ ಗರಗಸದ ಹೊಟ್ಟಿನಂಥ ಒದ್ದೆ ಹಿಕ್ಕೆಯೂ, ಅದರಡಿಯಲ್ಲಿ 2018ರಲ್ಲಿ ರಾಜ್ಯಕ್ಕೆ ಕಾಲಿಟ್ಟ ಫಾಲ್ ಸೈನಿಕ ಹುಳುವೂ ಸಿಗುತ್ತವೆ. ಜಗಳೂರು ಕಡೆಯ ಹೊಲದಿಂದ ತಂದ ಹುಳುಗಳನ್ನು ಸಾಕಿ, ಅವುಗಳ ಮುಂದಿನ ಪೀಳಿಗೆಯ ಮೂರನೇ ಹಂತದ ಮರಿಗಳನ್ನಷ್ಟೇ, ಎಷ್ಟು ಔಷಧಕ್ಕೆ ಎಷ್ಟು ಹುಳು ಸಾಯುತ್ತವೆ ಎಂಬ ಪರೀಕ್ಷೆಗೆ ಆರಿಸಿದ್ದೇನೆ. ಬಲಿತ ಹುಳುವನ್ನು ಕೊಲ್ಲಲು ಹೆಚ್ಚು ಔಷಧ ಬೇಕಾಗುವುದರಿಂದ ಚಿಕ್ಕದು ದೊಡ್ಡದು ಬೆರೆತರೆ ಲೆಕ್ಕವೇ ಕೆಡುತ್ತದೆ.

ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಕೀಟನಾಶಕದ ಶೇ. 5ರ ಹರಳನ್ನು ಹೊಲದಲ್ಲಿ ಲೀಟರಿಗೆ 0.4 ಗ್ರಾಂ ಬೆರೆಸುತ್ತಾರೆ, ಅಂದರೆ ಅದರಲ್ಲಿರುವ ನಿಜವಾದ ವಿಷ 20 ಮಿಲಿಗ್ರಾಂ. ಅಷ್ಟನ್ನೇ ಕೊಟ್ಟರೆ ಎಲ್ಲವೂ ಸತ್ತು ಏನೂ ತಿಳಿಯದೆ ಹೋಗಬಹುದಾದ್ದರಿಂದ, ಕೆಲವೇ ಸಾಯುವ ಪ್ರಮಾಣದಿಂದ ಬಹುತೇಕ ಎಲ್ಲವೂ ಸಾಯುವ ಪ್ರಮಾಣದವರೆಗೆ ದುಪ್ಪಟ್ಟು ದುಪ್ಪಟ್ಟಾಗಿ ಏರುವ ದ್ರಾವಣಗಳನ್ನು ತಯಾರಿಸಿ, ಎಲೆಯ ತುಂಡುಗಳನ್ನು ಅದ್ದಿ, ನೆರಳಿನಲ್ಲಿ ಆರಿಸಿ, ಡಬ್ಬಿಗೊಂದರಂತೆ ಹುಳು ಬಿಡಬೇಕು. ಒಂದೇ ಡಬ್ಬಿಗೆ ಎರಡು ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ, ಆಮೇಲೆ ಸತ್ತದ್ದು ಔಷಧಕ್ಕೋ ಜೊತೆಯ ಹುಳುವಿನ ಬಾಯಿಗೋ ಎಂದು ಹೇಳುವವರಾರು?

ಬರೀ ನೀರಿಗೆ ಅದ್ದಿದ ಎಲೆಯ ಡಬ್ಬಿಗಳನ್ನು ನೋಡಲು ಬಂದವರು ಗಮನಿಸುವುದೇ ಇಲ್ಲ, ನನಗೆ ಮಾತ್ರ ಅವೇ ಮುಖ್ಯ. ಅಲ್ಲಿ ಶೇ. 10ರಷ್ಟು ಹುಳು ತಾವಾಗಿಯೇ ಸತ್ತು, ಔಷಧದ ಡಬ್ಬಿಗಳಲ್ಲಿ ಶೇ. 80ರಷ್ಟು ಸತ್ತರೆ, 1925ರಲ್ಲಿ ಕೀಟತಜ್ಞ ಅಬಾಟ್ ಕೊಟ್ಟ ಸೂತ್ರದ ಪ್ರಕಾರ ಔಷಧದ ಪಾಲಿಗೆ ಬರುವುದು ತಾವಾಗಿ ಸಾಯದ 90ರಲ್ಲಿ 70, ಅಂದರೆ ಸುಮಾರು ಶೇ. 78.

ಈಗ ಔಷಧದ ಡಬ್ಬಿಯಲ್ಲಿರುವ ಒಂದು ಹುಳುವನ್ನು ನೋಡಿ: ಎಲೆ ತಿನ್ನುವುದನ್ನು ಬಿಟ್ಟಿದೆ, ಆದರೆ ಕುಂಚದ ತುದಿ ತಾಗಿಸಿದರೆ ಮೈ ಕೊಂಕಿಸುತ್ತದೆ. ಈ ಔಷಧ ತಿಂದ ಹುಳು ಬೇಗನೆ ಮೇವು ಬಿಟ್ಟರೂ ಸಾಯಲು ಎರಡು-ಮೂರು ದಿನ ಹಿಡಿಯುತ್ತದೆ; ಮರುದಿನವೇ ಜೀವಂತ ಹುಳು ಕಂಡು ಮತ್ತೆ ಔಷಧ ಹೊಡೆಯುವ ಆತುರಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ. ಹಾಗಾಗಿ 72 ಗಂಟೆಯ ಎಣಿಕೆಯನ್ನೇ ನಾನು ನಂಬುತ್ತೇನೆ.

ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಪ್ರಮಾಣ ಸಿಕ್ಕ ಮೇಲೂ, ಔಷಧ ಹೆಚ್ಚಿದಂತೆ ಸಾವು ಎಷ್ಟು ಏರುತ್ತದೆಂದು ತೋರಿಸುವ ರೇಖೆಯ ಇಳಿಜಾರನ್ನು ನೋಡಲೇಬೇಕು. ಈ ಏರಿಕೆಯನ್ನು ನೇರ ರೇಖೆಯಾಗಿಸುವ ಪ್ರಾಬಿಟ್ ಲೆಕ್ಕದಲ್ಲಿ ಇಳಿಜಾರು 2 ಇದ್ದರೆ, ನೂರಕ್ಕೆ 90 ಸಾಯಲು ಆ ಅರ್ಧದ ಪ್ರಮಾಣದ ನಾಲ್ಕು ಪಟ್ಟಿಗೂ ಹೆಚ್ಚು, 99 ಸಾಯಲು 14 ಪಟ್ಟಿಗೂ ಹೆಚ್ಚು ಔಷಧ ಬೇಕು. ಮುಚ್ಚಳ ಲೆಕ್ಕದಲ್ಲಿ ‘ಇನ್ನೊಂದು ಸ್ವಲ್ಪ’ ಸುರಿಯುವುದರಿಂದ ಕೊನೆಯ ಆ ಕೆಲವು ಹುಳುಗಳು ಸಾಯುವುದಿಲ್ಲ. ಉಳಿದವುಗಳಲ್ಲಿ ವಿಷ ತಡೆಯುವ ಗುಣವಿದ್ದರೆ ಮುಂದಿನ ಪೀಳಿಗೆಗೆ ದಾಟುವುದೂ ಅದೇ.