ದೊಡ್ಡ ಈರುಳ್ಳಿಗೆ ಅದರದೇ ಅಡುಗೆ

ಕೇಳುಗರಿಗೆ ನಮಸ್ಕಾರ. ನಮ್ಮ ಹೊಸೂರು, ಡೆಂಕಣಿಕೋಟೆ, ತಾಳವಾಡಿ ಕಡೆ ಮನೆಯಲ್ಲಿ ಎರಡು ಥರ ಈರುಳ್ಳಿ ಇಟ್ಟಿರುತ್ತೇವೆ, ಅಲ್ವಾ? ಸಾಂಬಾರಿಗೆ ಸಣ್ಣದು, ಮಿಕ್ಕಿದ್ದಕ್ಕೆ ದೊಡ್ಡದು. ಆ ದೊಡ್ಡದರಲ್ಲೂ ಅಂಗೈ ತುಂಬುವಷ್ಟು ಗಾತ್ರದ, ಪದರ ದಪ್ಪ ಇರುವ, ಘಾಟು ಕಡಿಮೆ ಇರುವ ಗಡ್ಡೆ ಸಿಕ್ಕರೆ ಅದನ್ನು ಸುಮ್ನೆ ಒಗ್ಗರಣೆಗೆ ಸುರಿಯಬೇಡಿ. ಗಾತ್ರ ನೋಡಿ ಮಾತ್ರ ಹೇಳಲಾಗದು, ಒಂದು ಚೂರು ಹಸಿಯಾಗಿ ತಿಂದು ನೋಡಿ.

ಈರುಳ್ಳಿ ಮಣ್ಣಿನಿಂದ ಗಂಧಕ ಹೀರುತ್ತದೆ. ಹೆಚ್ಚಿದ ಕೂಡಲೇ ಕಣ್ಣಲ್ಲಿ ನೀರು ಬರಿಸುವ ಆವಿ ಹುಟ್ಟುವುದು ಆ ಗಂಧಕದ ಅಂಶದಿಂದಲೇ. ಅಮೆರಿಕದ ಜಾರ್ಜಿಯಾದಲ್ಲಿ ಬೆಳೆಯುವ ವಿಡಾಲಿಯಾ ಈರುಳ್ಳಿ ಇಷ್ಟು ಸೌಮ್ಯವಾಗಿರುವುದಕ್ಕೆ ಅಲ್ಲಿನ ಮಣ್ಣಿನಲ್ಲಿ ಗಂಧಕ ಕಡಿಮೆ ಇರುವುದು ದೊಡ್ಡ ಕಾರಣ. ಸಿಹಿ ಅನ್ನಿಸುವುದು ಸಕ್ಕರೆ ಜಾಸ್ತಿ ಅಂತಲ್ಲ, ಘಾಟು ಅಡ್ಡ ಬರುವುದಿಲ್ಲ ಅಷ್ಟೇ.

ಹಾಗಾಗಿ ಘಾಟು ಕಡಿಮೆ ಇರುವ ಇಂಥ ದೊಡ್ಡ ಗಡ್ಡೆ ಹಸಿಯಾಗಿ ತಿನ್ನುವ ಈರುಳ್ಳಿ. ಮೊಸರುಬಜ್ಜಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ಮೊಸರು ತೆಳ್ಳಗಾಗುತ್ತದೆ.

ಪಕೋಡಕ್ಕೆ ಅದೇ ನೀರು ಬೇಕು. ಉದ್ದಕ್ಕೆ ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ, ಎಸಳು ಎಸಳು ಬಿಡುವಂತೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಹತ್ತು ನಿಮಿಷ ಬಿಡಿ. ತಳದಲ್ಲಿ ನೀರು ಸೇರಿರುತ್ತದೆ. ಅದರ ಮೇಲೇ ಕಡ್ಲೆಹಿಟ್ಟು, ಸ್ವಲ್ಪ ಅಕ್ಕಿಹಿಟ್ಟು, ಹಸಿಮೆಣಸಿನಕಾಯಿ, ಕರಿಬೇವು ಉದುರಿಸಿ ಕಲಸಿ. ಬೇರೆ ನೀರು ಹಾಕಲೇಬೇಡಿ, ಹಿಟ್ಟು ಎಸಳಿಗೆ ಅಂಟಿಕೊಂಡರೆ ಸಾಕು, ಮುದ್ದೆಯಾಗಬಾರದು. ಎಣ್ಣೆಗೆ ಉದುರುದುರಾಗಿ ಬಿಟ್ಟರೆ ಗರಿಗರಿಯಾಗಿ ಬರುತ್ತದೆ. ರಾಗಿ ರೊಟ್ಟಿಗೂ ಹೀಗೇ ಕಿವುಚಿಕೊಂಡು, ಆಮೇಲೆ ಬೇಕಾದಷ್ಟೇ ಬಿಸಿನೀರು ಸೇರಿಸಿ. ಬಜ್ಜಿಗಾದರೆ ಅಡ್ಡಕ್ಕೆ ಕೊಯ್ದು ಅಗಲವಾದ ಬಿಲ್ಲೆ ಮಾಡಿ.

ಸಾಂಬಾರಿಗೆ ಮಾತ್ರ ಇದು ಬೇಡ. ಕುದಿಯುವಾಗ ಪದರ ಬಿಚ್ಚಿಕೊಂಡು ಮೆತ್ತಗಾಗುತ್ತದೆ, ರುಚಿಯೂ ಸಪ್ಪೆ. ಇಡಿಯಾಗಿ ಬೆಂದ ಸಣ್ಣ ಈರುಳ್ಳಿಯನ್ನು ಅನ್ನದ ಜೊತೆ ಕಚ್ಚುವ ಸುಖವೇ ಬೇರೆ.

ನೀರು ಜಾಸ್ತಿ ಇರುವ ಗಡ್ಡೆ ಬೇಗ ಕೊಳೆಯುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಮೂಟೆಗಟ್ಟಲೆ ತರಬೇಡಿ, ತಂದದ್ದನ್ನು ಆಲೂಗಡ್ಡೆ ಜೊತೆ ಸೇರಿಸದೆ ಗಾಳಿ ಆಡುವ ಕಡೆ ಹರಡಿ, ಕತ್ತು ಮೆತ್ತಗಾದದ್ದನ್ನು ಮೊದಲು ಹೆಚ್ಚಿಕೊಳ್ಳಿ.