ಡಿಸಿ ರಜೆ ಕೊಟ್ಟರು, ಕೋರ್ಟ್ ಕೊಡಲಿಲ್ಲ | ಮಂಗಳೂರು ಮಳೆಗಾಲದ ಒಂದು ದಿನ

ನಮಸ್ಕಾರ. ಬೆಳಗ್ಗೆ ಆರೂಕಾಲು. ಮಳೆ ಸದ್ದಿಗೆ ನನ್ನ ಸ್ವರ ಕೇಳದಿದ್ದರೆ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ.

ಇದೇ ಆ ಮೆಸೇಜು. ರೆಡ್ ಅಲರ್ಟ್, ಅಂಗನವಾಡಿಯಿಂದ ಪಿಯುಸಿವರೆಗೆ ಇಡೀ ಜಿಲ್ಲೆಗೆ ರಜೆ. ಒಂಬತ್ತು ಗ್ರೂಪಿನಲ್ಲಿ ಬಂದಿದೆ. ದೊಡ್ಡವಳು ಮಂಚದ ಮೇಲೆ ಕುಣಿಯುತ್ತಿದ್ದಾಳೆ. ಚಿಕ್ಕವನಿಗೆ ಮೂರು ವರ್ಷ, ಯಾಕೆ ಅಂತ ಗೊತ್ತಿಲ್ಲದೆ ಅವನೂ ಕುಣಿಯುತ್ತಿದ್ದಾನೆ. ಕೋರ್ಟಿಗೆ ರಜೆ ಇಲ್ಲ. ನಾನು ವಕೀಲೆ, ಎದುರು ಪಾರ್ಟಿಯ ಸಾಕ್ಷಿಗೆ ಇವತ್ತೇ ಪಾಟಿ ಸವಾಲು ಹಾಕಬೇಕು.

ಡೇಟ್ ತಗೊಳ್ಳಿ ಮಾರಾಯ್ರೆ ಅಂತೀರಿ ಅಲ್ವಾ? ಸಿವಿಲ್ ಪ್ರೊಸೀಜರ್ ಕೋಡಿನ 17ನೇ ಆರ್ಡರ್ ಪ್ರಕಾರ ಒಂದು ಪಾರ್ಟಿಗೆ ಮೂರಕ್ಕಿಂತ ಜಾಸ್ತಿ ಸಲ ಮುಂದೂಡುವ ಹಾಗಿಲ್ಲ. ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ ಅಂದರೂ ನಡೆಯೋದಿಲ್ಲ. ಮನೆಯಲ್ಲಿ ಮಗು ಇದೆ ಅನ್ನೋದು 1908ರಲ್ಲಿ ಕೋಡ್ ಮಾಡಿದವರ ತಲೆಗೇ ಹೋಗಿರಲಿಕ್ಕಿಲ್ಲ. ಹೆಂಗಸರೂ ವಕಾಲತ್ತು ಮಾಡಬಹುದು ಅಂತ ಕಾಯ್ದೆ ಬಂದದ್ದೇ 1923ರಲ್ಲಿ.

ನೀರು ದೋಸೆ ನಿಮಗೆ ಕಾಣ್ತಾ ಇದೆ. ಹರಿದದ್ದೆಲ್ಲ ನನಗೆ.

ಈಗ ಇದನ್ನು ನೋಡಿ. ಚಿಕ್ಕವನ ಆಟದ ಕರಡಿಯ ಕುತ್ತಿಗೆಯಲ್ಲಿ ಇರುವುದು ನನ್ನ ಬ್ಯಾಂಡ್, ವಕೀಲರು ಕುತ್ತಿಗೆಗೆ ಕಟ್ಟುವ ಬಿಳಿ ಪಟ್ಟಿ. ಮೂರು ದಿನದಿಂದ ಮನೆಯಲ್ಲಿ ಒಂದು ಬಟ್ಟೆ ಒಣಗಿಲ್ಲ, ಇದೊಂದನ್ನು ರಾತ್ರಿ ಇಸ್ತ್ರಿ ಹಾಕಿ ಹಾಕಿ ಒಣಗಿಸಿದ್ದೆ. ಕರಡಿಗೂ ಕೇಸ್ ಇತ್ತಂತೆ. ಕೇಸಿಗೆ ಮೊದಲು ರಾಗಿ ಮಣ್ಣಿ ತಿಂದಿತಂತೆ. ಕಲೆ ನೋಡಿ, ಸರಿಯಾಗಿ ಎದೆಯ ನಡುವೆ. ಸೋಪು ಹಾಕಿದೆ, ನಿಂಬೆಹುಳಿ ತಿಕ್ಕಿದೆ, ಕಂದು ಬಣ್ಣ ಹಳದಿ ಆಯಿತು ಅಷ್ಟೇ. ಇನ್ನೊಂದು ಬ್ಯಾಂಡ್ ಕೋಟಿನ ಜೇಬಿನಲ್ಲಿ ಇತ್ತು. ಆ ಕೋಟಿಗೂ ಬ್ಯಾಂಡಿಗೂ ಒದ್ದೆ ನಾಯಿಯ ವಾಸನೆ. ಬೇಸಿಗೆಯಲ್ಲಿ ಜಿಲ್ಲಾ ಕೋರ್ಟುಗಳಲ್ಲಿ ಕೋಟು ಕಡ್ಡಾಯ ಅಲ್ಲ, ಮಳೆಗಾಲಕ್ಕೆ ಆ ರಿಯಾಯಿತಿ ಇಲ್ಲ. ಕೊನೆಗೆ ಕಲೆ ಇರುವುದನ್ನೇ ಉಲ್ಟಾ ಕಟ್ಟಿಕೊಂಡೆ.

ಡೇ ಕೇರ್ ಕೂಡ ಬಂದ್. ತಿಂಗಳಿಗೆ 5,500, ಎಷ್ಟು ರಜೆ ಆದರೂ ಒಂದು ರೂಪಾಯಿ ಕಡಿಮೆ ಇಲ್ಲ. ಆದರೆ ಅಲ್ಲಿಯ ಆಯಾ ಈ ಮಳೆಯಲ್ಲಿ ಎರಡು ಬಸ್ ಹತ್ತಿ ಬರಬೇಕು, ಪಾಪ, ರಜೆ ಕೊಟ್ಟದ್ದು ಒಳ್ಳೆಯದೇ. ಹಾಗಂತ 5,500ಕ್ಕೆ ಒಪ್ಪಿದೆ ಅಂತ ಅಲ್ಲ.

ಮೊನ್ನೆ ಒಬ್ಬರಿಗೆ ಹೆರಿಗೆ ರಜೆಯ ಲಾಯರ್ ನೋಟಿಸ್ ಬರೆದುಕೊಟ್ಟೆ. 2017ರ ತಿದ್ದುಪಡಿಯಿಂದ ಅದು 26 ವಾರ ಆಗಿದೆ, ಸಂಬಳ ಸಮೇತ. ನನಗೆ ಯಾರು ಕೊಡಬೇಕು? ಚಿಕ್ಕವನಿಗೆ 70 ದಿನ ಆಗುವಾಗ ನಾನು ಕೋರ್ಟಿನಲ್ಲಿದ್ದೆ. ಸೀನಿಯರ್ ಹೇಳಿದ್ದು...

ಅಯ್ಯೋ, ಆಟೋ ಬಂತು. ಚಿಕ್ಕವನನ್ನು ಕೆಳಗಿನ ಮನೆಯ ಬಾಯಮ್ಮನ ಹತ್ತಿರ ಬಿಟ್ಟೆ, ಗಂಡ ಮಸ್ಕತ್ತಿನಲ್ಲಿ ಇರೋದರಿಂದ ಬಾಯಮ್ಮನೇ ಗತಿ. ದೊಡ್ಡವಳು ನನ್ನ ಜೊತೆ. ಜ್ಯೋತಿ ಸರ್ಕಲ್ಲಿನಲ್ಲಿ ಇಪ್ಪತ್ತು ನಿಮಿಷ ಹೀಗೇ ನಿಂತಿದ್ದೆವು.

ಕೋರ್ಟ್ ಒಳಗೆ ಶೂಟ್ ಮಾಡುವ ಹಾಗಿಲ್ಲ, ಸುಮ್ನೆ ಹೊರಗಿನ ಮಳೆ ನೋಡಿ. ಹನ್ನೆರಡೂವರೆಗೆ ನಮ್ಮ ಕೇಸ್ ಕರೆದರು. ಸಾಕ್ಷಿ ಹೇಳಬೇಕಾದವರೇ ಬಂದಿಲ್ಲ. ಆಕೆ ಪುತ್ತೂರಿನವರು, ಮಗುವಿಗೆ ಶಾಲೆ ಇಲ್ಲ, ನೋಡಿಕೊಳ್ಳಲು ಜನ ಇಲ್ಲವಂತೆ. ನಾನು ಏನು ಮಾಡಿದೆ ಹೇಳಿ? ಎದ್ದು ನಿಂತು ಆಕ್ಷೇಪ ಹೇಳಿದೆ. ಮುಂದೂಡುವುದಾದರೆ ನಮಗೆ ಖರ್ಚು ಕೊಡಿಸಿ ಅಂತಲೂ ಕೇಳಿದೆ. ಬೈಯೋರು ಬೈಯಿರಿ, ನನ್ನ ಕಕ್ಷಿದಾರರು ಬೆಳಗ್ಗೆಯಿಂದ ಒದ್ದೆಯಾಗಿ ಕೂತಿದ್ದರು.

500 ರೂಪಾಯಿ ಖರ್ಚು, ಮುಂದಿನ ತಿಂಗಳು ಡೇಟು. ವಕೀಲರ ರೂಮಿಗೆ ಬಂದರೆ ದೊಡ್ಡವಳು ನನ್ನ ಡೈರಿಯ ಅದೇ ಪುಟದಲ್ಲಿ ಕರಡಿ ಬಿಡಿಸಿದ್ದಾಳೆ, ನೋಡಿ, ಬ್ಯಾಂಡ್ ಕೂಡ ಇದೆ. ಬ್ಯಾಟರಿ ಹೋಗ್ತಾ ಇದೆ, ಬಾಯಮ್ಮನ ಎರಡು ಮಿಸ್ ಕಾಲ್ ಬೇರೆ...